ಹಳೆಯ ಮೇಣ, ಹೊಸ ಮೆರುಗು

ಹಬ್ಬಕ್ಕೆ ಮುನ್ನ ಗೋಡೆಗೆ ಸುಣ್ಣ ಬಳಿಯುವ ಆಳು ಮೊದಲು ಹಳೆಯ ಸುಣ್ಣದ ಚಕ್ಕೆಗಳನ್ನು ಕೆರೆದು ತೆಗೆಯುತ್ತಾನೆ. ಹಿತ್ತಾಳೆಯ ದೀಪದ ಜಿಡ್ಡನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆದ ಬಳಿಕವೇ ಗೃಹಿಣಿಯು ಹೊಸ ಬತ್ತಿಯನ್ನಿಡುತ್ತಾಳೆ. ಮನೆವಾರ್ತೆಯಲ್ಲಿ ನಾವೆಲ್ಲರೂ ಬಲ್ಲ ಈ ಸಂಗತಿಯನ್ನು ಕಾರಿನ ವಿಷಯದಲ್ಲಿ ಮಾತ್ರ ಏಕೋ ಮರೆಯುತ್ತೇವೆ. ಬಣ್ಣ ಮಂಕಾದರೆ ಇದ್ದುದರ ಮೇಲೆಯೇ ಇನ್ನಷ್ಟು ಪಾಲಿಷ್ ಬಳಿದು ತೃಪ್ತರಾಗುತ್ತೇವೆ.

ನಮ್ಮ ತಂದೆಯವರು 1984ರಲ್ಲಿ ಕೊಂಡ ಬಿಳಿಯ ಅಂಬಾಸಿಡರ್ ಹೊಸೂರಿನ ತವರುಮನೆಯಲ್ಲಿ ಇಂದಿಗೂ ಇದೆ. ಅಂಥ ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಪ್ರತಿವರ್ಷವೂ ಆಯುಧಪೂಜೆಯ ಹಿಂದಿನ ದಿನ ತಂದೆಯವರು ಅದಕ್ಕೆ ತಮ್ಮ ಕೈಯಾರೆ ಮೇಣದ ಪಾಲಿಷ್ ಹಚ್ಚುತ್ತಿದ್ದರು. ಮರುದಿನ ಅದರ ಮೇಲೆ ಗಂಧ, ಕುಂಕುಮ, ಹೂವು. ಅವರು ತೀರಿಕೊಂಡು ಎರಡು ವರ್ಷಗಳಾದವು. ಈಚೆಗೆ ನನ್ನ ತಮ್ಮನ ಮಗಳ ವಿವಾಹ ನಿಶ್ಚಯವಾದಾಗ, ಮದುಮಗಳು ಅಜ್ಜನ ಕಾರಿನಲ್ಲಿಯೇ ಛತ್ರಕ್ಕೆ ಬರಬೇಕೆಂದು ಎಲ್ಲರೂ ಆಸೆಪಟ್ಟರು. ಆದರೆ ಕಾರಿನ ಬಿಳುಪು ಕಾಯಿಸಿದ ಹಾಲಿನ ಕೆನೆಯಂತೆ ಹಳದಿಗಟ್ಟಿತ್ತು. ಸಂದುಗಳಲ್ಲೆಲ್ಲ ಕಂದು ಗೆರೆಗಳು.

ಇದ್ದ ಬಣ್ಣವನ್ನೆಲ್ಲ ಕೆರೆಸಿ ಹೊಸ ಬಣ್ಣ ಹೊಡೆಸಬೇಕೆಂಬುದು ತಮ್ಮನ ಅಭಿಪ್ರಾಯ. ಬೆಂಗಳೂರು ರಸ್ತೆಯಲ್ಲಿ ಕಾರುಗಳಿಗೆ ಡೀಟೇಲಿಂಗ್ ಮಾಡುವ ತರುಣನೊಬ್ಬನು ಬಂದು ನೋಡಿ, "ಬಣ್ಣ ಇನ್ನೂ ಗಟ್ಟಿಯಾಗಿದೆ ಅಮ್ಮ, ಮೊದಲು ಹಳೆಯ ಮೇಣ ಬಿಡಿಸಿ. ಅದರ ಮೇಲೆ ಹೊಸ ಲೇಪ ಕಚ್ಚುವುದಿಲ್ಲ" ಎಂದನು. ಈ ಮಾತು ನನಗೆ ಒಪ್ಪಿಗೆಯಾಯಿತು. ಒಪ್ಪದವರೆಂದರೆ ನಮ್ಮ ತಾಯಿಯವರು. "ಅದು ನಿಮ್ಮ ಅಪ್ಪನ ಕೈಯ ಮೇಣ. ಅದನ್ನೂ ಒರೆಸಿಬಿಡ್ತೀರಾ?" ಎಂದು ಅವರು ಕೇಳಿದಾಗ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ.

ಮೇಣದ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕಾರಿನ ಪಾಲಿಷ್‌ಗಳಲ್ಲಿ ಹೆಸರಾದ ಕಾರ್ನೌಬಾ ಮೇಣವು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಯಿಂದ ದೊರೆಯುವಂಥದು. ಬಹಳ ಗಡಸಾದುದರಿಂದ ಅದನ್ನು ದ್ರಾವಕದಲ್ಲಿ ಕಲಸಿ ಮೆದುಗೊಳಿಸಿ ಡಬ್ಬಿಯಲ್ಲಿ ತುಂಬುತ್ತಾರೆ. ಹೊಸದಾಗಿ ಹಚ್ಚಿದ ಪಾಲಿಷ್‌ನ ದ್ರಾವಕವು ಕೆಳಗಿನ ಹಳೆಯ ಮೇಣವನ್ನೂ ಒಂದಿಷ್ಟು ಕರಗಿಸುವುದರಿಂದ, ಮೂವತ್ತು ಬಾರಿ ಹಚ್ಚಿದರೂ ಮೂವತ್ತು ಪದರಗಳು ನಿಲ್ಲುವುದಿಲ್ಲ. ಬಿಸಿಲು ಮಳೆಗಳಿಗೆ ಸಿಕ್ಕಿದ ಮೇಣ ಕೆಲವು ತಿಂಗಳಲ್ಲಿಯೇ ಸವೆದುಹೋಗುತ್ತದೆ. ಉಳಿಯುವುದು ಸಂದುಗೊಂದುಗಳಲ್ಲಿ, ಅದೂ ಧೂಳಿನೊಡನೆ ಬೆರೆತು.

ನಮ್ಮ ಸೀಮೆಯ ಧೂಳಾದರೋ ಸಾಮಾನ್ಯವಾದುದಲ್ಲ. ಕೃಷ್ಣಗಿರಿ ಜಿಲ್ಲೆಯ ಕಲ್ಲುಗಣಿಗಳಿಂದ ಗ್ರಾನೈಟ್ ಹೊತ್ತ ಲಾರಿಗಳು ಹಗಲಿರುಳೂ ಓಡಾಡುತ್ತವೆ. ಆ ಕಲ್ಲಿನ ಪುಡಿಯಲ್ಲಿರುವ ಬೆಣಚಿನ ಕಣಗಳು ಕಾರಿನ ಬಣ್ಣಕ್ಕಿಂತ ಎಷ್ಟೋ ಪಾಲು ಗಡಸು. ಅವು ಮೇಣದಲ್ಲಿ ಸಿಕ್ಕಿಕೊಂಡಿರುವಾಗ ಮೇಲೆ ಪಾಲಿಷ್ ಹಾಕಿ ತಿಕ್ಕಿದರೆ ಮೆರುಗಿನ ಬದಲು ಗೀರುಗಳೇ ಮೂಡುತ್ತವೆ. ಗ್ರಾನೈಟ್ ಚಪ್ಪಡಿಗೆ ಹೊಳಪು ಕೊಡುವವರೂ ಒರಟು ಪುಡಿಯನ್ನು ಪೂರ್ತಿ ತೊಳೆದಲ್ಲದೆ ನಯವಾದುದನ್ನು ಹಿಡಿಯುವುದಿಲ್ಲ.

ಇಷ್ಟನ್ನೂ ತಾಯಿಯವರಿಗೆ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅವರು ಹಚ್ಚಿದ್ದು ಬಣ್ಣ ಉಳಿಯಲಿ ಅಂತ ತಾನೇ? ಹಾಗಾದರೆ ಬಣ್ಣ ಕೆರೆಸುವುದು ಬೇಡ. ಮೇಣ ತೆಗೆಯಿರಿ. ಡಿಕ್ಕಿಯ ಮುಚ್ಚಳದ ಒಳಗೆ ಮಾತ್ರ ಒಂದು ಗೇಣು ಜಾಗ ಮುಟ್ಟಬೇಡಿ" ಎಂದರು.

ಒಂದು ಭಾನುವಾರ ಬೆಳಿಗ್ಗೆ, ತಗಡು ಬಿಸಿಯೇರುವ ಮೊದಲೇ, ನೆರಳಿನಲ್ಲಿ ಕೆಲಸ ಆರಂಭಿಸಿದೆವು. ಮೊದಲು ಧಾರಾಳವಾಗಿ ನೀರು ಹೊಯ್ದು ಧೂಳನ್ನು ಇಳಿಸಿದೆವು. ಆಮೇಲೆ ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ತೊಳೆದು ಒರೆಸಿದೆವು. ಕೊಳವೆಬಾವಿಯ ಗಡಸು ನೀರು ತಾನಾಗಿ ಆರಿದರೆ ಬಿಳಿಯ ಕಲೆ ನಿಲ್ಲುವುದರಿಂದ ಒಡನೆಯೇ ಒರೆಸುವುದು ಅಗತ್ಯ. ಸಾಬೂನಿಗೆ ಜಗ್ಗದ ಮೇಣಕ್ಕೆ ಬಣ್ಣದ ಅಂಗಡಿಯ ಮಿನರಲ್ ಟರ್ಪೆಂಟೈನ್. ಅದನ್ನು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡಿ, ಬಟ್ಟೆ ತುಸು ನೆನೆಯುವಷ್ಟೇ ತೆಗೆದುಕೊಂಡು, ಒಮ್ಮೆಗೆ ಒಂದು ಮೊಳ ಜಾಗವನ್ನು ಒತ್ತದೆ ಒರೆಸಬೇಕು. ಬಟ್ಟೆಯ ಮಗ್ಗುಲನ್ನು ಮತ್ತೆ ಮತ್ತೆ ಬದಲಿಸಬೇಕು. ಥಿನ್ನರ್ ಮಾತ್ರ ಕೂಡದು. ಅದು ಬಣ್ಣವನ್ನೇ ಕರಗಿಸೀತು. ಟರ್ಪೆಂಟೈನ್ ಹೊತ್ತಿಕೊಳ್ಳುವ ವಸ್ತುವಾದುದರಿಂದ ಬೆಂಕಿ ಹತ್ತಿರವಿರಬಾರದು, ಗಾಳಿ ಆಡುತ್ತಿರಬೇಕು. ಕೊನೆಗೆ ಅದರ ಜಿಡ್ಡು ಹೋಗಲು ಮತ್ತೊಮ್ಮೆ ಸಾಬೂನು ನೀರು.

ಬಟ್ಟೆಗೆ ಮೊದಲು ಹತ್ತಿದ್ದು ಕಂದು ಕೊಳೆ. ಬಾನೆಟ್ಟಿನ ಅಂಚಿನಲ್ಲಿ ಕುಂಕುಮದ ಕೆಂಪು. ಬಳಿಕ ಬಿಳಿಯ ಪುಡಿ ಹತ್ತತೊಡಗಿದಾಗ ತಮ್ಮನು, "ಅಕ್ಕ, ಸಾಕು" ಎಂದು ನನ್ನ ಕೈ ತಡೆದನು. ಇಂದಿನ ಕಾರುಗಳಿಗಿರುವಂತೆ ಬಣ್ಣದ ಮೇಲೊಂದು ಪಾರದರ್ಶಕ ಲೇಪ ಇದಕ್ಕಿಲ್ಲ. ಬಿಳಿಯ ಪುಡಿ ಬಂದಿತೆಂದರೆ ಅದು ಮಾಸಿದ ಬಣ್ಣವೇ. ಮೇಣ ಹೋಯಿತೋ ಇಲ್ಲವೋ ಎಂಬುದಕ್ಕೆ ನೀರಿನದೊಂದು ಸುಲಭ ಪರೀಕ್ಷೆಯುಂಟು. ಮೇಣವಿದ್ದೆಡೆ ನೀರು ಕೆಸವಿನೆಲೆಯ ಮೇಲಿನಂತೆ ಹನಿಹನಿಯಾಗಿ ನಿಲ್ಲುತ್ತದೆ. ಇಲ್ಲದೆಡೆ ಹಾಳೆಯಂತೆ ಹರಡುತ್ತದೆ. ನಮ್ಮ ಕಾರಿನ ಮೇಲೆ ನೀರು ಹರಡಿತು. ಹಾಗೆ ಬರಿದಾದ ಬಣ್ಣವನ್ನು ಬಿಸಿಲಿಗೆ ಬಿಡಬಾರದೆಂದು ಅಂದೇ ಸಂಜೆ ಹೊಸ ಮೇಣವನ್ನು ತೆಳುವಾಗಿ ಹಚ್ಚಿದೆವು.

ಕಾರು ಹೊಸದರಂತಾಯಿತೆಂದು ಹೇಳಲಾರೆ. ಮಾಡಿನ ಮೇಲೆ ಬಣ್ಣ ತೀರ ತೆಳುವಾಗಿ ಒಳಗಿನ ಪ್ರೈಮರ್ ಅಲ್ಲಲ್ಲಿ ಇಣುಕುತ್ತದೆ. ಬಾಗಿಲುಗಳು ಮಾತ್ರ ನಾನು ಹುಡುಗಿಯಾಗಿದ್ದಾಗ ಕಂಡ ಬಿಳುಪನ್ನೇ ತೋರಿದವು. ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂಥ ಹಳೆಯ ವಾಹನವಿದ್ದರೆ, ಕೆರೆಸುವ ಮುನ್ನ ಒಮ್ಮೆ ತೊಳೆದು ನೋಡಿ ಎಂದಷ್ಟೇ ನನ್ನ ವಿನಂತಿ.

ಮದುವೆಯ ದಿನ ಫಲತಾಂಬೂಲದ ಚೀಲಗಳನ್ನು ಡಿಕ್ಕಿಗೆ ತುಂಬಿದವರು ತಾಯಿಯವರೇ. ಬೇರೆ ಯಾರಿಗೂ ಅದರ ಮುಚ್ಚಳವನ್ನು ತೆರೆಯಗೊಡಲಿಲ್ಲ.