ಊರುಗೋಲು ಕೊಟ್ಟ ಊರು

"ನೀವು ಹೋಗಿ ಬನ್ನಿ, ನಾನು ಇಲ್ಲೇ ಕುಳಿತಿರುತ್ತೇನೆ." ಈ ಮಾತನ್ನು ಕೇಳದ ಮನೆ ನಮ್ಮಲ್ಲಿ ಬಹುಶಃ ಇರಲಾರದು. ಪ್ರವಾಸಕ್ಕೆ ಹೊರಟ ಗುಂಪಿನಲ್ಲಿ ಮಂಡಿನೋವಿನ ಅಜ್ಜಿಯೋ ಚಿಕ್ಕಂದಿನಲ್ಲಿ ಪೋಲಿಯೋ ಬಾಧಿಸಿದ ಅತ್ತೆಯೋ ಒಬ್ಬರಿರುತ್ತಾರೆ. ಉಳಿದವರು ಮೆಟ್ಟಿಲು ಹತ್ತಿ ಇಳಿದು ಬರುವವರೆಗೆ ಅವರು ಚಪ್ಪಲಿ, ಚೀಲ, ನೀರಿನ ಬಾಟಲಿಗಳನ್ನು ಕಾಯುತ್ತಾರೆ. ವಾಹನದ ಕಿಟಕಿಯಲ್ಲಿ ಕಂಡಷ್ಟೇ ಅವರ ಪಾಲಿನ ಪ್ರವಾಸ.

ನಮ್ಮ ಮನೆಯಲ್ಲಿ ಈ ಮಾತು ಉಮ್ಮನ ಬಾಯಿಂದ ಮೊದಲ ಬಾರಿ ಬಂದದ್ದು 2024ರ ನವೆಂಬರ್‌ನಲ್ಲಿ, ಕೊಪ್ಪಳ ಜಿಲ್ಲೆಯ ಹಿಟ್ನಾಳದಲ್ಲಿ. ಅರುವತ್ತನಾಲ್ಕರ ಉಮ್ಮ ಅದುವರೆಗೆ ನಮಗಿಂತ ಮುಂದೆ ನಡೆಯುತ್ತಿದ್ದವರು. ಈ ಪ್ರವಾಸವೂ ಅವರದೇ ಆಸೆಯಾಗಿತ್ತು. ಆ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಗಿತ್ತು. ಒತ್ತಡ ತಗ್ಗಿಸಲು 33 ಗೇಟುಗಳನ್ನೂ ತೆರೆಯಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನ ಮೇಲೆಯೇ ಉಕ್ಕಿನ ಹಲಗೆಗಳನ್ನಿಳಿಸಿ ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ಉಮ್ಮ ಆ ವಾರವಿಡೀ ಟಿ.ವಿ. ಮುಂದೆ ಕುಳಿತು ಆ ಕಾರ್ಮಿಕರಿಗಾಗಿ ದುಆ ಮಾಡಿದ್ದರು. "ಆ ಜಾಗ ಒಮ್ಮೆ ನೋಡಬೇಕು" ಎಂಬ ಹಟ ಅಲ್ಲಿಂದಲೇ ಹುಟ್ಟಿತು.

ಪುತ್ತೂರಿನಿಂದ ನಾವು ದಂಪತಿ, ಇಬ್ಬರು ಮಕ್ಕಳು ಮತ್ತು ಉಮ್ಮ ಕಾರಿನಲ್ಲಿ ಹೊರಟು ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಹಿಟ್ನಾಳ ತಲುಪಿದಾಗ ಸಂಜೆ ನಾಲ್ಕು ಗಂಟೆ. ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿನ ಊರದು. ಪಕ್ಕದಲ್ಲೇ ಹುಲಿಗಿ, ಮುನಿರಾಬಾದ್. ಚಹಾ ಕುಡಿಯಲೆಂದು ಇಳಿದೆವು. ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ ಇದ್ದ ಒಂದು ಗೇಣಿನ ಅಂತರದಲ್ಲಿ ಉಮ್ಮನ ಬಲಗಾಲು ಹೊರಳಿತು. ಅವರು ಕೂಗಲಿಲ್ಲ, ಅಲ್ಲೇ ಕುಸಿದು ಕುಳಿತರು. ನಾವು ಬಳಿ ಹೋಗುವಷ್ಟರಲ್ಲಿ ಹರಡು ಬಾತುಕೊಳ್ಳತೊಡಗಿತ್ತು.

ಆಮೇಲಿನ ಅರ್ಧ ಗಂಟೆಯಲ್ಲಿ ನಾವು ಮಾಡಿದ್ದಕ್ಕಿಂತ ಆ ಊರಿನವರು ಮಾಡಿದ್ದೇ ಹೆಚ್ಚು. ಮಿರ್ಚಿ ಕರಿಯುತ್ತಿದ್ದ ಹೆಂಗಸು ಒಲೆ ಸಣ್ಣ ಮಾಡಿ ಓಡಿ ಬಂದರು. "ಯವ್ವಾ, ಏನಾತ್ರಿ? ಕಾಲು ಊರಬ್ಯಾಡ್ರಿ, ಹಂಗ ಕುಂದರ್ರಿ" ಎನ್ನುತ್ತ ಉಮ್ಮನ ಬೆನ್ನಿಗೆ ಆನಿಕೆಯಾಗಿ ತಾವೇ ಕುಳಿತರು. ತಂಪು ಪಾನೀಯದ ಅಂಗಡಿಯ ಹುಡುಗ ಟವೆಲಿನಲ್ಲಿ ಐಸ್ ಕಟ್ಟಿ ತಂದ. ಒಬ್ಬರು ಕಾಲು ಎಳೆದು ಉಳುಕು ತೆಗೆಯಲು ಮುಂದಾದಾಗ ಬೈಕಿನಲ್ಲಿ ಬಂದ ಯುವಕನೊಬ್ಬ ತಡೆದ. "ಮುರಿದೈತೋ ಏನೋ ಗೊತ್ತಿಲ್ಲ. ಮೊದಲು ಎಕ್ಸರೇ ತೆಗಸ್ರಿ" ಎಂದ. ಅವನ ಮಾತು ಸರಿಯಾಗಿತ್ತು. ಕಾಲು ಹೊರಳಿದಾಗ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಐಸ್, ಹದವಾದ ಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು, ಇಷ್ಟೇ ಮೊದಲ ಉಪಚಾರ. ತಿಕ್ಕುವುದು, ಎಳೆಯುವುದು, ಬಿಸಿ ಶಾಖ ಕೊಡುವುದು ಬಾವನ್ನು ಹೆಚ್ಚಿಸುತ್ತವೆ.

ಕುರಿ ಮೇಯಿಸಿ ಮರಳುತ್ತಿದ್ದ ಹಿರಿಯರೊಬ್ಬರು ಅಲ್ಲೇ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಉಮ್ಮ ಒಂಟಿಕಾಲಲ್ಲಿ ಏಳಲು ಕಷ್ಟಪಟ್ಟಾಗ ಏನೂ ಹೇಳದೆ ತಮ್ಮ ಕೋಲನ್ನು ಅವರ ಕೈಗಿಟ್ಟರು. ಹಿಂದಿರುಗಿಸುವುದು ಹೇಗೆ ಎಂದು ನಾವು ಕೇಳಿದೆವು. "ನನಗ ಕ್ವಾಲು ಎಲ್ಲಾರ ಸಿಗತೈತಿ. ನಿಮಗ ಬ್ಯಾಡಾದ ಮ್ಯಾಲೆ ಬ್ಯಾರೆ ಯಾರಿಗಾದ್ರೂ ಕೊಡ್ರಿ" ಎಂದು ಕುರಿಗಳ ಹಿಂದೆ ಹೊರಟರು. ಬೈಕಿನ ಯುವಕ ಹೊಸಪೇಟೆಯ ಆಸ್ಪತ್ರೆಯವರೆಗೆ ನಮ್ಮ ಕಾರಿನ ಮುಂದೆ ದಾರಿ ತೋರುತ್ತ ಬಂದ. ಪೆಟ್ರೋಲಿಗೆಂದು ಕೊಟ್ಟ ಹಣ ಮುಟ್ಟಲಿಲ್ಲ. ಉಮ್ಮನ ಉಡುಪು ನೋಡಿದವರಿಗೆ ನಾವು ಯಾರೆಂದು ತಿಳಿಯದಿರಲು ಸಾಧ್ಯವಿರಲಿಲ್ಲ. ಆದರೆ ಹಿಟ್ನಾಳದಲ್ಲಿ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ನೋವು ಎಲ್ಲಿ?

ಎಲುಬು ಮುರಿದಿರಲಿಲ್ಲ, ಅಸ್ಥಿಬಂಧಕ್ಕೆ ಪೆಟ್ಟಾಗಿತ್ತು. ಮೂರು ವಾರ ಆ ಕಾಲಿನ ಮೇಲೆ ಭಾರ ಹಾಕಬಾರದೆಂದು ವೈದ್ಯರು ಹೇಳಿದರು. ಊರಿಗೆ ಮರಳೋಣವೆಂದರೆ ಉಮ್ಮ ಒಪ್ಪಲಿಲ್ಲ. ಅವರು ಹೇಳಿದ್ದು ಆ ಹಳೆಯ ಮಾತನ್ನೇ: "ನೀವು ಹೋಗಿ ಬನ್ನಿ, ನಾನು ಕಾರಲ್ಲಿ ಕುಳಿತಿರುತ್ತೇನೆ."

ಮರುದಿನ ತುಂಗಭದ್ರಾ ನದಿಯ ಸೇತುವೆ ದಾಟುವಾಗ ದೂರದಲ್ಲಿ ಅಣೆಕಟ್ಟು ಕಾಣಿಸಿತು. 1953ರಲ್ಲಿ ನೀರು ತುಂಬಿಕೊಂಡ ಆ ಜಲಾಶಯ ಕೊಪ್ಪಳ, ರಾಯಚೂರು, ಬಳ್ಳಾರಿ ಮತ್ತು ಆಂಧ್ರ ಸೀಮೆಯ ಹೊಲಗಳಿಗೆ ನೀರುಣಿಸುತ್ತಿದೆ. ಉಮ್ಮ ಕಾರಿನ ಕಿಟಕಿಯಿಂದಲೇ ಗೇಟುಗಳನ್ನು ಎಣಿಸಲು ನೋಡಿದರು. ಹತ್ತೊಂಬತ್ತನೆಯದು ಯಾವುದೆಂದು ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಅವರಿಗೆ ಅಷ್ಟೇ ಸಾಕಾಗಿತ್ತು, ಅಥವಾ ಸಾಕೆಂದು ಹೇಳಿದರು.

ಅಲ್ಲಿಂದ ಸಾಣಾಪುರದ ಮೇಲೆ ಆನೆಗೊಂದಿಗೆ ಹೋಗುವಾಗ ದಾರಿಯಲ್ಲೇ ಅಂಜನಾದ್ರಿ ಬೆಟ್ಟ ಸಿಗುತ್ತದೆ. ತುದಿಯವರೆಗೆ 575 ಮೆಟ್ಟಿಲುಗಳೆಂದು ಹೇಳುತ್ತಾರೆ. ಬುಡದಲ್ಲಿ ಎಳನೀರು ಮಾರುತ್ತಿದ್ದ ನಡುವಯಸ್ಸಿನ ಹೆಂಗಸು ಉಮ್ಮನ ಕೋಲು ಕಂಡು ಗೋಣಿಚೀಲ ಹಾಸಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕಾಲು ಇಟ್ಟುಕೊಳ್ಳಲು ಹೇಳಿದರು. ಆಮೇಲೆ ಅವರು ಎಳನೀರು ತರಲು ಎದ್ದಾಗ ನಮಗೆ ತಿಳಿಯಿತು, ಅವರ ಒಂದು ಕಾಲು ಬಾಲ್ಯದಿಂದಲೇ ಸೊರಗಿತ್ತು. ಮೇಲೆ ಏನೇನಿದೆ ಎಂದು ಮಕ್ಕಳು ಕೇಳಿದರು. ಅವರು ನಕ್ಕರು. "ಇಲ್ಲೇ ಹುಟ್ಟಿ ಬೆಳೆದೀನಿ, ತಮ್ಮಾ. ಮ್ಯಾಲೆ ಏನೈತಿ ನಾನು ನೋಡಿಲ್ಲ. ಇಳಿದು ಬಂದೋರು ಹೇಳ್ತಾರ, ಕೇಳ್ತೀನಿ."

ಉಮ್ಮ ಎಳನೀರನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಕಾರು ಹತ್ತಿದ ಮೇಲೆ ಹೇಳಿದರು, "ನನ್ನದು ಮೂರು ವಾರ. ಅವಳದು?"

ಆನೆಗೊಂದಿಯಲ್ಲಿ ಗಗನ ಮಹಲಿನ ಮುಂದಿನವರೆಗೂ ಕಾರು ಹೋಯಿತು. ಬಾಳೆನಾರಿನ ಚೀಲ, ಚಾಪೆ ಹೆಣೆಯುವ ಮಹಿಳೆಯರು ಉಮ್ಮನಿಗೆ ಕುರ್ಚಿ ಕೊಟ್ಟು, ನಾರು ಬಿಡಿಸುವುದನ್ನು ತೋರಿಸಿದರು. ನದಿ ಮಾತ್ರ ಮೆಟ್ಟಿಲುಗಳ ಕೆಳಗಿತ್ತು. ಹರಿಗೋಲು ನಡೆಸುವ ಇಬ್ಬರು ಪ್ಲಾಸ್ಟಿಕ್ ಕುರ್ಚಿ ಹಿಡಿದು ಬಂದರು. ಅವರು ನಮ್ಮ ಮುಖ ನೋಡಲಿಲ್ಲ, ಉಮ್ಮನ ಎದುರು ನಿಂತು ಕೇಳಿದರು: "ಅಮ್ಮಾರ, ಎತ್ತೇವೇನ್ರಿ?" ಅವರು ತಲೆಯಾಡಿಸಿದ ಮೇಲಷ್ಟೇ ಕೈ ಹಾಕಿದರು. ಕಾಲಿಗೆ ಪೆಟ್ಟಾದವರಿಗೆ ಬಾಯಿ ಇದೆ, ಇಷ್ಟಾನಿಷ್ಟಗಳಿವೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಉಮ್ಮ ಎಡಗಾಲನ್ನು ತುಂಗಭದ್ರೆಯಲ್ಲಿ ಅದ್ದಿ ಕುಳಿತರು.

ಆ ಎರಡು ದಿನಗಳಲ್ಲಿ ಉಮ್ಮನ ಬಾಯಿಂದ ಎಷ್ಟು ಬಾರಿ "ತುಂಬ ಉಪಕಾರವಾಯಿತು" ಎಂಬ ಮಾತು ಬಂತೋ ಲೆಕ್ಕವಿಲ್ಲ. ಕುರ್ಚಿಗೊಮ್ಮೆ, ಕೈ ಹಿಡಿದದ್ದಕ್ಕೊಮ್ಮೆ, ಶೌಚಾಲಯದ ಬಾಗಿಲವರೆಗೆ ಬಂದದ್ದಕ್ಕೊಮ್ಮೆ. ಹೇಳುವಾಗ ಅವರ ಸ್ವರ ಸ್ವಲ್ಪ ಸ್ವಲ್ಪವೇ ತಗ್ಗುತ್ತಿತ್ತು. ಕೊಡುವವರ ಮನಸ್ಸು ಎಷ್ಟೇ ದೊಡ್ಡದಿದ್ದರೂ ಪ್ರತಿ ಹೆಜ್ಜೆಗೂ ಕೇಳಿ ಪಡೆಯುವುದು ಸುಲಭವಲ್ಲ. ದಯೆ ಸಿಗಬೇಕಾದರೆ ಆ ಹೊತ್ತಿಗೆ ಒಳ್ಳೆಯವರು ಅಲ್ಲಿರಬೇಕು. ಇಳಿಜಾರು ದಾರಿಯೊಂದಿದ್ದರೆ ಯಾರಿಗೂ ಕಾಯಬೇಕಾಗಿಲ್ಲ, ಅದಕ್ಕೆ ಕೃತಜ್ಞತೆ ಹೇಳಬೇಕಾಗಿಯೂ ಇಲ್ಲ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಮಂಡಿ ಸವೆದ ವೃದ್ಧರು, ತುಂಬು ಗರ್ಭಿಣಿಯರು ಆ ಲೆಕ್ಕದ ಹೊರಗಿನವರು. ಸಾರ್ವಜನಿಕ ಕಟ್ಟಡ, ಸಾರಿಗೆ, ಸೌಲಭ್ಯಗಳು ಎಲ್ಲರಿಗೂ ಎಟುಕುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಬೆಟ್ಟವನ್ನು ತಗ್ಗಿಸಲಾಗದು, ಹಳೆಯ ಸ್ಮಾರಕದ ಕಲ್ಲು ಕಿತ್ತು ಬದಲಿಸುವುದೂ ಸಲ್ಲದು. ಆದರೆ ಬೇಕಾದಾಗ ಜೋಡಿಸಿ ತೆಗೆಯಬಹುದಾದ ಮರದ ಇಳಿಜಾರು, ಒಂದೆರಡು ಗಾಲಿಕುರ್ಚಿ, ನೆರಳಲ್ಲಿ ಬೆಂಚು, ಹಿಡಿಕೆಯಿರುವ ಶೌಚಾಲಯ ದೊಡ್ಡ ಖರ್ಚಿನವಲ್ಲ. ನಮ್ಮ ಮಸೀದಿ, ದೇವಸ್ಥಾನ, ಮದುವೆ ಮಂಟಪಗಳಿಗೂ ಈ ಮಾತು ಅನ್ವಯಿಸುತ್ತದೆ. ಮೆಟ್ಟಿಲ ಕೆಳಗೆ ಯಾರು ಉಳಿದರೆಂದು ಒಮ್ಮೆ ಹಿಂದಿರುಗಿ ನೋಡಿದರೆ ಅಲ್ಲಿಂದಲೇ ಕೆಲಸ ಆರಂಭವಾಗುತ್ತದೆ.

ಉಮ್ಮನ ಕಾಲು ಡಿಸೆಂಬರ್ ಮುಗಿಯುವುದರೊಳಗೆ ಸರಿಹೋಯಿತು. ಕುರಿ ಕಾಯುವವರ ಕೋಲು ಕೆಲವು ತಿಂಗಳು ನಮ್ಮ ಬಾಗಿಲ ಹಿಂದೆ ನಿಂತಿತ್ತು. ಮಳೆಗಾಲದಲ್ಲಿ ನೆರೆಮನೆಯ ಸರಸ್ವತಮ್ಮ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದರು. ಉಮ್ಮ ಕೋಲನ್ನು ತೊಳೆದು ಒರೆಸಿ ತಾವೇ ಕೊಂಡೊಯ್ದು ಕೊಟ್ಟರು. ಯಾರದಿದು ಎಂದು ಅವರು ಕೇಳಿದರಂತೆ. ಹೆಸರು ಉಮ್ಮನಿಗೂ ಗೊತ್ತಿರಲಿಲ್ಲ. "ಹಿಟ್ನಾಳದವರದ್ದು" ಎಂದರಂತೆ.