ಸಾಲದ ಚಿಗುರು

ಗಿಡದ ಒಂದು ತುಂಡನ್ನು ಮಣ್ಣಿಗೆ ಊರಿ ಅದರಿಂದಲೇ ಇನ್ನೊಂದು ಗಿಡವನ್ನು ಪಡೆಯುವ ಕ್ರಮವನ್ನು ಸಸ್ಯಶಾಸ್ತ್ರವು ನಿರ್ಲಿಂಗ ಸಸ್ಯಾಭಿವೃದ್ಧಿ ಎಂದು ಕರೆದರೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮನೆಯಂಗಳದಲ್ಲಿ ಅದಕ್ಕೆ ಕಡ್ಡಿ ನೆಡುವುದು ಎಂಬ ಎರಡು ಮಾತು ಸಾಕಾಗುತ್ತವೆ. ದಾಸವಾಳ, ಮಲ್ಲಿಗೆ, ನುಗ್ಗೆ, ದೊಡ್ಡಪತ್ರೆಗಳು ಹೀಗೆ ಗೋಡೆಯಾಚೆಯಿಂದ ಕೈಗೆ ಕೈ ದಾಟಿ ಬರುವ ಗಿಡಗಳು. ಮಧುಗಿರಿಯ ಹೆಸರನ್ನೇ ಹೊತ್ತ ದಾಳಿಂಬೆ ತಳಿಯಂಥದು ತನ್ನತನವನ್ನು ಉಳಿಸಿಕೊಳ್ಳುವುದಕ್ಕೂ ಕಡ್ಡಿಯೋ ಗೂಟಿಯೋ, ಅಂದರೆ ತಾಯಿಗಿಡದ ಮೇಲೆಯೇ ರೆಂಬೆಗೆ ಬೇರು ಬರಿಸುವ ಕ್ರಮವೋ, ಬೇಕು. ಬೀಜದಿಂದ ಎದ್ದ ಸಸಿ ತಾಯಿಯನ್ನೇ ಹೋಲುತ್ತದೆಂಬ ಭರವಸೆಯಿಲ್ಲ.

ಎಲೆ ಹುಟ್ಟುವ ಗಂಟಾದ ಗಿಣ್ಣಿನ ಸುತ್ತ ಹೊಸ ಅಂಗಗಳನ್ನು ಕಟ್ಟಬಲ್ಲ ಜೀವಕೋಶಗಳಿರುತ್ತವೆ. ತುದಿಚಿಗುರಿನಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಬೆಳವಣಿಗೆಯ ರಸ ಕತ್ತರಿಸಿದ ಬುಡದಲ್ಲಿ ಶೇಖರವಾದಾಗ, ಬೇರು ಬರಬಾರದ ಜಾಗದಲ್ಲಿ ಬೇರು ಬರುತ್ತದೆ. ಕರೆಯದೆ ಬಂದ ನೆಂಟನಂಥ ಇದಕ್ಕೆ ಆಗಂತುಕ ಬೇರು ಎಂದು ಹೆಸರು. ನರ್ಸರಿಯವರು ಕಡ್ಡಿಯ ಬುಡಕ್ಕೆ ಸವರುವ ಪುಡಿಯಲ್ಲಿರುವ ಇಂಡೋಲ್ ಬ್ಯುಟಿರಿಕ್ ಆಮ್ಲವೂ ಇದೇ ಕೆಲಸ ಮಾಡುತ್ತದೆ.

ಆದರೆ ಬೇರು ಬರುವವರೆಗಿನ ಕೆಲವು ವಾರಗಳಲ್ಲಿ ಕಡ್ಡಿಯ ಸಂಸಾರ ಆದಾಯವಿಲ್ಲದ ಖರ್ಚಿನ ಸಂಸಾರ. ಎಲೆಗಳು ಗಾಳಿಗೆ ನೀರು ಬಿಡುತ್ತಲೇ ಇರುತ್ತವೆ, ತರುವ ಬೇರು ಇನ್ನೂ ಹುಟ್ಟಿರುವುದಿಲ್ಲ. ಆದ್ದರಿಂದಲೇ ಬಲ್ಲವರು ಎಲೆಗಳನ್ನು ಕಿತ್ತು ತುದಿಯಲ್ಲಿ ಒಂದೆರಡನ್ನು ಮಾತ್ರ ಬಿಟ್ಟು, ಮರಳು ಬೆರೆತ ಮಣ್ಣಿನ ಕುಂಡವನ್ನು ಬಚ್ಚಲ ಗೋಡೆಯ ನೆರಳಿಗಿಟ್ಟು, ಮೇಲೊಂದು ಪ್ಲಾಸ್ಟಿಕ್ ಚೀಲವನ್ನು ಕವುಚುತ್ತಾರೆ. ಈ ಸೀಮೆಯಲ್ಲಿ ಆಷಾಢದ ಗಾಳಿ ತೇವವನ್ನು ಹೀರುವುದೇ ಹೆಚ್ಚಾಗಿ, ನೆಚ್ಚಬಹುದಾದ ಮಳೆ ಹುಬ್ಬೆ, ಉತ್ತರೆ, ಹಸ್ತ ನಕ್ಷತ್ರಗಳ ಕಾಲಕ್ಕೆ ಬೀಳುವುದರಿಂದ, ಕಡ್ಡಿಗೂ ಅದೇ ಒಳ್ಳೆಯ ಹೊತ್ತು.

ಪೆಸಿಫಿಕ್ ಸಾಗರದ ದ್ವೀಪವೊಂದರಿಂದ ಹೊರಟು ಈ ಊರುಗಳ ಕಿಟಕಿಯ ಬಾಟಲಿಗಳವರೆಗೆ ಬಂದಿರುವ ಮನಿಪ್ಲಾಂಟನ್ನು ಕದ್ದು ತಂದರೆ ಮಾತ್ರ ಚೆನ್ನಾಗಿ ಬರುತ್ತದೆಂಬ ನಂಬಿಕೆಯಲ್ಲಿ ಶಾಸ್ತ್ರವಿಲ್ಲದಿಲ್ಲ: ಕಳ್ಳನು ಚಿಕ್ಕ ತುಂಡನ್ನೇ ಮುರಿಯುತ್ತಾನೆ, ಸಂಜೆಯ ತಂಪಿನಲ್ಲಿ ಮುರಿಯುತ್ತಾನೆ, ಬಾಡುವ ಮೊದಲೇ ನೀರಿಗಿಡುತ್ತಾನೆ. 1760ರಲ್ಲಿ ಹೈದರಾಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಮೊಘಲ್ ತೋಟವೇ ಮಾದರಿಯೆಂಬ ಪ್ರತೀತಿಯನ್ನು ನೆನೆದರೆ, ಒಂದೆಡೆಯದನ್ನು ಇನ್ನೊಂದೆಡೆ ಬೇರೂರಿಸುವ ಈ ಚಾಳಿಗೆ ಅರಸು ಮನ್ನಣೆಯೂ ಇದ್ದಂತೆ ಕಾಣುತ್ತದೆ.

ಕಡ್ಡಿ ನೆಟ್ಟವರನ್ನು ಕೊನೆಗೆ ಕೆಡಿಸುವುದು ಆತುರ. ಕಾಂಡದಲ್ಲಿ ಕೂಡಿಟ್ಟ ಆಹಾರದ ಬಲದಿಂದ ಬೇರಿಗಿಂತ ಮೊದಲೇ ಚಿಗುರು ಒಡೆಯುವುದುಂಟು. ಅದನ್ನು ಕಂಡು ಹಿಗ್ಗಿ ಕುಂಡವನ್ನು ಬಿಸಿಲಿಗೆ ತಂದರೆ ಆ ಸಾಲದ ಚಿಗುರು ಎರಡೇ ದಿನಕ್ಕೆ ಜೋಲುತ್ತದೆ, ಅನುಮಾನಿಸಿ ಎಳೆದು ನೋಡಿದರೆ ಆಗತಾನೆ ಮೂಡಿದ ಎಳೆಬೇರು ಮುರಿಯುತ್ತದೆ. ಮೇಲಿನ ಹಸಿರನ್ನು ನೋಡಿ ಕಾಯಿಯ ಲೆಕ್ಕ ಹಾಕಬಾರದೆಂಬುದನ್ನು ಪಾವಗಡದ ಕಡಲೆಕಾಯಿ ಬೆಳೆಗಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಮಣ್ಣಿನೊಳಗೆ ನಡೆಯುವ ಕೆಲಸವನ್ನು ಮಣ್ಣಿಗೇ ಬಿಟ್ಟು ಕಾಯುವುದು ಅವರ ಹಳೆಯ ಕಸುಬು.