ನಾಲ್ಕು ಊರು, ಒಂದು ನಡುಪಟ್ಟಿ

ಬಾಗಲಕೋಟೆಯಿಂದ ಬೀಳಗಿಗೆ ಹೋಗುವ ಬಸ್ಸು ಅನಗವಾಡಿಯ ಸೇತುವೆಗೆ ಬಂದಾಗ ಘಟಪ್ರಭೆ ಎರಡು ಬದಿಗೂ ಸಮುದ್ರದಂತೆ ಹರಡಿಕೊಳ್ಳುತ್ತದೆ. ಅದು ನದಿಯ ಸಹಜವಾದ ಮೈಯಲ್ಲ; ಆಲಮಟ್ಟಿಯ ಅಣೆಕಟ್ಟು ತಡೆದ ನೀರು ಹಿಂದಕ್ಕೆ ಸರಿದು ನಿಂತ ಹಿನ್ನೀರು. ಮಳೆಗಾಲ ಮುಗಿದ ಒಂದು ಬೆಳಿಗ್ಗೆ ಆ ಬಸ್ಸಿನಲ್ಲಿ ಬೆಂಗಳೂರಿನ ಕುಟುಂಬವೊಂದು ಕುಳಿತಿತ್ತು: ಗಂಡ, ಹೆಂಡತಿ, ಹತ್ತು ವರ್ಷದ ಮಗಳು. ಮೂವರು ಕೂಡುವ ಆಸನವೇ ಆದರೂ ಮಗಳು ತಾಯಿಯ ತೊಡೆಯೇರಬೇಕಾಗಿ ಬಂದಿತ್ತು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಗೃಹಸ್ಥರಿಗೆ ಅದು ತಿಳಿಯದೆ ಇರಲಿಲ್ಲ.

ಅವರ ಜೇಬಿನಲ್ಲಿ ವೈದ್ಯರ ಚೀಟಿಯೊಂದಿತ್ತು. ವಯಸ್ಸು 42, ಎತ್ತರ 168 ಸೆಂಟಿಮೀಟರು, ತೂಕ 86 ಕಿಲೋ, ನಡುವಿನ ಸುತ್ತಳತೆ 104 ಸೆಂಟಿಮೀಟರು, ರಕ್ತದ ಸಕ್ಕರೆ ಗಡಿಯಂಚಿನಲ್ಲಿ. ಭಾರತೀಯ ಗಂಡಸರ ನಡು 90 ಸೆಂಟಿಮೀಟರನ್ನೂ ಹೆಂಗಸರ ನಡು 80 ಸೆಂಟಿಮೀಟರನ್ನೂ ದಾಟಬಾರದೆಂಬುದು ವೈದ್ಯರ ಎಣಿಕೆ. ಇದು ಅವರೊಬ್ಬರ ಪಾಡೇನೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಹತ್ತರಲ್ಲಿ ಮೂವರಷ್ಟು ಮಂದಿ ಇರಬೇಕಾದುದಕ್ಕಿಂತ ಹೆಚ್ಚು ತೂಕದವರು.

ಹೋದ ವರ್ಷ ಅವರು ಒಂದು ಸಾಹಸ ಮಾಡಿದ್ದರು. ಮೂರು ತಿಂಗಳು ಒಪ್ಪತ್ತಿನ ಊಟ, ಮಿಕ್ಕ ಹೊತ್ತಿಗೆ ನೀರುಮಜ್ಜಿಗೆ. ಒಂಬತ್ತು ಕಿಲೋ ಇಳಿದು ಕಚೇರಿಯಲ್ಲೆಲ್ಲ ಹೆಸರಾದರು. ದೀಪಾವಳಿಯ ದಿನ ಒಂದು ಹೋಳಿಗೆಯಿಂದ ವ್ರತ ಮುರಿಯಿತು. ಮುರಿದ ವ್ರತ ಮುರಿದೇ ಹೋಯಿತೆಂದು ಕೈಬಿಟ್ಟರು. ಯುಗಾದಿಯ ಹೊತ್ತಿಗೆ ಒಂಬತ್ತು ಕಿಲೋ ಬಡ್ಡಿಸಮೇತ ಮರಳಿತ್ತು. ಈಗ ಅವರನ್ನು ಕಾಡುತ್ತಿದ್ದುದು ರೋಗದ ಭಯಕ್ಕಿಂತ ಹೆಚ್ಚಾಗಿ ಮತ್ತೊಮ್ಮೆ ಆರಂಭಿಸಬೇಕಲ್ಲ ಎಂಬ ನಾಚಿಕೆ. ಅದಕ್ಕೆಂದೇ ಅವರು ಮಾತು ಮರೆಸಿ, ಹೆಂಡತಿಯ ತವರಾದ ಬನಹಟ್ಟಿಗೆ ಸುತ್ತುದಾರಿಯ ಪ್ರವಾಸವನ್ನು ಹೂಡಿದ್ದರು. ದಾರಿಯಲ್ಲಿ ಬೀಳಗಿ, ಮುಧೋಳ, ಜಮಖಂಡಿ; ಕೊನೆಗೆ ರಬಕವಿ-ಬನಹಟ್ಟಿ.

ಬೀಳಗಿಯಲ್ಲಿ ಸಿದ್ಧೇಶ್ವರನ ದರ್ಶನವಾದ ಮೇಲೆ ಅರೆತ್ತಿನ ಬಾವಿಯನ್ನು ನೋಡಲು ಹೋದರು. ಮಗಳು ಮೆಟ್ಟಿಲುಗಳನ್ನು ಓಡುತ್ತ ಇಳಿದು, ಓಡುತ್ತ ಏರಿದಳು. ತಂದೆ ಅರ್ಧಕ್ಕೆ ನಿಂತು ಶಿಲ್ಪವನ್ನು ನೋಡುವ ನೆಪದಲ್ಲಿ ಉಸಿರು ಹಿಡಿದುಕೊಂಡರು. ನೀರಿಗೋಸ್ಕರ ಒಂದು ಊರು ಎಷ್ಟು ಸಲ ಕೆಳಗಿಳಿದು ಮೇಲೇರಿತ್ತೆಂಬುದನ್ನು ಆ ಕಲ್ಲುಗಳೇ ಬಲ್ಲವು. ಕೊಡ ಹೊತ್ತು ಏರಿದವರು ಅದನ್ನು ವ್ಯಾಯಾಮವೆಂದು ಕರೆಯಲಿಲ್ಲ, ದಿನದ ಬಾಳೆಂದರು. ಇಂದು ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರೆಂದು ವಯಸ್ಕರಿಗೆ ಹೇಳಬೇಕಾಗಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಆ ಲೆಕ್ಕ ಸಲ್ಲುತ್ತದೆ.

ಹಾಗೆಂದು ಹಿಂದಿನ ತೆಳುಮೈಯೆಲ್ಲ ಆರೋಗ್ಯವಾಗಿತ್ತೆಂದು ಬಗೆಯಬಾರದು. ಬೀಳಗಿಯೂ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯನ್ನು 1876-78ರ ಬರ ಹುರಿದು ಮುಕ್ಕಿತು. ಎಲುಬು ಕಾಣುವ ಮೈ ಆಗ ಚೆಲುವಿನ ಗುರುತಾಗಿರಲಿಲ್ಲ, ಸಾವಿನ ಗುರುತಾಗಿತ್ತು. ಹಸಿವೆಯಿಂದ ಬಂದ ಕೃಶತೆಯನ್ನು ದೇಹ ಆಪತ್ತೆಂದೇ ತಿಳಿಯುತ್ತದೆ. ಉಪವಾಸದಿಂದ ಬೇಗ ಬೇಗ ಇಳಿದಾಗ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ದೇಹ ತನ್ನ ಖರ್ಚನ್ನು ತಗ್ಗಿಸಿ ಹಸಿವೆಯನ್ನು ಹೆಚ್ಚಿಸುತ್ತದೆ. ಕಳೆದುದನ್ನು ಮರಳಿ ಕೂಡಿಡಲು ಹವಣಿಸುತ್ತದೆ. ಗೃಹಸ್ಥರ ಒಂಬತ್ತು ಕಿಲೋ ಮರಳಿದ್ದು ಅವರ ಮನಸ್ಸಿನ ಹೇಡಿತನದಿಂದ ಮಾತ್ರವಲ್ಲ. ಬರವನ್ನು ಬಲ್ಲ ದೇಹದ ಜಾಣತನದಿಂದಲೂ ಹೌದು.

ಬೀಳಗಿಯಿಂದ ಮುಧೋಳದ ಕಡೆಗಿನ ಗುಡ್ಡಗಾಡಿನಲ್ಲಿ ಯಡಹಳ್ಳಿ ಇದೆ. ಅಲ್ಲಿಯ ಕುರುಚಲು ಕಾಡನ್ನು 2016ರಲ್ಲಿ ಚಿಂಕಾರಾ ಜಿಂಕೆಗಳ ಅಭಯಾರಣ್ಯವೆಂದು ಸಾರಲಾಯಿತು. ಬಸ್ಸಿನ ಕಿಟಕಿಗೆ ಚಿಂಕಾರಾ ಕಾಣಲಿಲ್ಲ. ಆದರೆ ಅದರ ಹಳೆಯ ವೈರಿಯಂಥ ಪ್ರಾಣಿಯೊಂದು ಮುಧೋಳದ ಹತ್ತಿರದ ತೋಟದ ಮನೆಯ ಅಂಗಳದಲ್ಲಿ ಕಂಡಿತು. ಉದ್ದ ಮೋರೆ, ಆಳವಾದ ಎದೆ, ಹಿಡಿಯಲ್ಲಿ ಹಿಡಿಯಬಹುದೇನೋ ಎಂಬಂಥ ನಡು: ಅದೇ ಮುಧೋಳದ ಬೇಟೆನಾಯಿ. ಘೋರ್ಪಡೆ ದೊರೆಗಳು ಪೋಷಿಸಿದ ಈ ತಳಿಯ ಚಿತ್ರವನ್ನು ಭಾರತದ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚುಹಾಕಿತು. 2016ರಲ್ಲಿ ಇದರ ಮರಿಗಳು ಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದುವು. ಮಗಳು ಅದರ ಬೆನ್ನು ಸವರುತ್ತ, “ಇದಕ್ಕೆ ಊಟ ಹಾಕುವುದಿಲ್ಲವೇ?” ಎಂದು ಕೇಳಿದಳು. ಮನೆಯ ಯಜಮಾನ ನಕ್ಕ.

“ಹೊಟ್ಟಿ ತುಂಬ ಹಾಕತೀವವ್ವಾ. ಆದ್ರ ದಿನಾ ಓಡಸ್ತೀವಿ. ಕಟ್ಟಿ ಹಾಕಿ ರೊಟ್ಟಿ ಹಾಕಿದ್ರ ಇದೂ ಹೊಟ್ಟಿ ಬಿಡತೈತಿ.”

ಗೃಹಸ್ಥರು ಬೇರೆ ಕಡೆಗೆ ನೋಡಿದರು. ತಮ್ಮ ಕಚೇರಿಯ ಕುರ್ಚಿ, ಮನೆಯ ಸೋಫಾ, ಇವೆರಡರ ನಡುವಣ ಮೋಟಾರು ಬೈಕು ಅವರ ಕಣ್ಣಮುಂದೆ ಬಂದಿರಬೇಕು.

ಮುಧೋಳ ರನ್ನ ಹುಟ್ಟಿದ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನವನ್ನೇರಿದ ಆ ಹತ್ತನೆಯ ಶತಮಾನದ ಕವಿ ಭೀಮ-ಸುಯೋಧನರ ಗದಾಯುದ್ಧವನ್ನೇ ಕಾವ್ಯಕ್ಕೆ ಆರಿಸಿಕೊಂಡ. ವ್ಯಾಸಭಾರತದಲ್ಲಿ ಆ ಕಾಳಗದ ಬಗ್ಗೆ ಒಂದು ಸೂಕ್ಷ್ಮವಿದೆ. ಸುಯೋಧನ ಭೀಮನ ಕಬ್ಬಿಣದ ಪ್ರತಿಮೆಯನ್ನು ಮಾಡಿಸಿ, ಹದಿಮೂರು ವರ್ಷ ಅದರ ಮೇಲೆ ಗದೆಯನ್ನು ಬೀಸಿ ಪಳಗಿದ್ದನಂತೆ. ಭೀಮನದು ಹುಟ್ಟುಬಲ, ಸುಯೋಧನನದು ಅಭ್ಯಾಸಬಲ. ಆ ಅಭ್ಯಾಸದೆದುರು ಭೀಮನಂಥ ಭೀಮನೂ ತೊಡೆಗೆ ಹೊಡೆಯದೆ ಗೆಲ್ಲಲಾಗಲಿಲ್ಲ. ಹದಿಮೂರು ವರ್ಷದ ಆ ಮಾತು, ಮೂರು ತಿಂಗಳಲ್ಲಿ ಎಲ್ಲವನ್ನೂ ಮುಗಿಸಹೊರಟವರಿಗೆ ಕೊಂಚ ಕಟುವಾಗಿಯೇ ಕೇಳುತ್ತದೆ.

ಮುಧೋಳದಿಂದ ಜಮಖಂಡಿಯವರೆಗೆ ದಾರಿಯ ಇಕ್ಕೆಲಕ್ಕೂ ಕಬ್ಬು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಮತೀರ್ಥದ ಗುಡ್ಡದ ಮೇಲೆ ಅವರ ಅರಮನೆ ಇನ್ನೂ ನಿಂತಿದೆ. ಆದರೆ ಈ ಸೀಮೆಯವರು ಎದೆಯುಬ್ಬಿಸಿ ತೋರಿಸುವುದು ಅರಮನೆಯನ್ನಲ್ಲ, ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯಲ್ಲಿ ಕಟ್ಟಿದ ಬ್ಯಾರೇಜನ್ನು. ಬೇಸಗೆಯಲ್ಲಿ ನದಿ ಬತ್ತಿ ಬೆಳೆ ಒಣಗುವುದನ್ನು ನೋಡಿ ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು 1989ರಲ್ಲಿ ಅದನ್ನು ಮುಗಿಸಿದರು. ಅದರ ಹೆಸರು ‘ಶ್ರಮಬಿಂದು ಸಾಗರ’. ಹನಿ ಹನಿ ಬೆವರು ಸೇರಿ ಸಾಗರವಾಯಿತೆಂಬುದು ಇಲ್ಲಿ ಅಲಂಕಾರದ ಮಾತಲ್ಲ.

ಆ ನೀರಿನಿಂದ ಕಬ್ಬು ಬಂತು, ಕಬ್ಬಿನಿಂದ ಕಾಸು ಬಂತು, ಕಾಸಿನಿಂದ ಟ್ರ್ಯಾಕ್ಟರೂ ಮೋಟಾರು ಬೈಕೂ ಬಂದುವು. ಬರದ ಹಸಿವೆಯನ್ನು ಹಿಂದಟ್ಟಿದ ಈ ಸಿರಿಯನ್ನು ಯಾರೂ ಹಳಿಯಲಾರರು. ಆದರೆ ಬೆವರು ತಂದ ನೀರು ಬೆವರನ್ನೇ ಒರೆಸಿತು. ಕೆಲಸ ಕಡಿಮೆಯಾದರೂ ಕೆಲಸದ ದಿನಗಳ ತಾಟು ಹಾಗೆಯೇ ಉಳಿಯಿತು. ಬೆಂಗಳೂರಿನಲ್ಲಿ ಆದದ್ದೇ ಇಲ್ಲಿಯೂ ಆಗುತ್ತಿದೆ.

ಆಲೆಮನೆಯೊಂದರ ಮುಂದೆ ಬಿಸಿಬೆಲ್ಲ ಕೈಗೆ ಬಂದಾಗ ಗೃಹಸ್ಥರು ಹೆಂಡತಿಗೆ ಹೇಳಿದರು: “ಇದು ಸಕ್ಕರೆಯಲ್ಲವಲ್ಲ, ಬೆಲ್ಲದಿಂದ ಮೈ ಬರುವುದಿಲ್ಲ.” ಇದು ನಗರಗಳಲ್ಲಿ ಬಹಳ ಪ್ರಚಾರದಲ್ಲಿರುವ ಭ್ರಮೆ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲರಿ. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 350. ಹೆಸರು ಬದಲಾದರೆ ನಡು ಸಣ್ಣದಾಗುವುದಿಲ್ಲ. ಒಂದು ಚೂರು ತಿಂದು ರುಚಿಯನ್ನು ಹೊಗಳಿ ಕೈ ತೊಳೆದುಕೊಂಡರೆ ಅದರಿಂದ ಕೇಡಿಲ್ಲ; ಔಷಧಿಯೆಂದು ಹಿಡಿಗಟ್ಟಲೆ ತಿಂದರೆ ಕೇಡು.

ಸಂಜೆ ಬನಹಟ್ಟಿಗೆ ಬಂದಿಳಿದಾಗ ಓಣಿಯ ತುಂಬ ಮಗ್ಗಗಳ ಸದ್ದು. ರಬಕವಿ, ಬನಹಟ್ಟಿ ಎರಡೂ ನೇಕಾರರ ಊರುಗಳು; ಅವಳಿ ಮಕ್ಕಳಂತೆ ಕೂಡಿಯೇ ಬೆಳೆದು, ಈಗ ಅದೇ ಹೆಸರಿನ ತಾಲ್ಲೂಕಿನ ಕೇಂದ್ರವಾಗಿವೆ. ಹಿಂದೆ ಕುಣಿಮಗ್ಗದಲ್ಲಿ ಕುಳಿತು ಕಾಲಿನಿಂದ ತುಳಿದು ಕೈಯಿಂದ ಲಾಳಿ ಎಸೆಯುತ್ತಿದ್ದವರ ಮನೆಗಳಲ್ಲಿ ಈಗ ಹೆಚ್ಚಾಗಿ ವಿದ್ಯುತ್ ಮಗ್ಗಗಳು ಓಡುತ್ತವೆ. ಯಂತ್ರ ನೇಯುತ್ತದೆ, ಮನುಷ್ಯ ಕಾಯುತ್ತಾನೆ.

ಅತ್ತೆಯ ಮನೆಯ ಊಟವೇ ಈ ಪ್ರವಾಸದ ನಿಜವಾದ ಗಂಡಾಂತರ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಅಳಿಯ ಬಂದನೆಂದು ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. “ಇನ್ನೊಂದು ಹಾಕ್ಕೋರಿ, ರೊಟ್ಟಿ ಅಂದ್ರ ಹಗೂರ” ಎಂದು ಅತ್ತೆ ಬೇಡವೆಂದರೂ ಬಡಿಸಿದರು. ರೊಟ್ಟಿ ಹಗುರವೆಂಬುದು ಅರ್ಧ ಸತ್ಯ. ಜೋಳದಲ್ಲಿ ಕ್ಯಾಲರಿ ಅಕ್ಕಿಗಿಂತ ಬಹಳ ಕಡಿಮೆಯೇನಿಲ್ಲ. ಆದರೆ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅಗಿದು ತಿನ್ನಬೇಕು, ಹೊಟ್ಟೆ ಬೇಗ ತುಂಬುತ್ತದೆ, ಹಸಿವೆ ತಡವಾಗಿ ಮರಳುತ್ತದೆ. ಕಾಳು, ಪಲ್ಯ, ಮೊಸರುಗಳ ಜೊತೆ ಎರಡು ರೊಟ್ಟಿ ತಿಂದರೆ ಅದಕ್ಕಿಂತ ಒಳ್ಳೆಯ ಪಥ್ಯವನ್ನು ಯಾವ ನಗರದ ತಜ್ಞನೂ ಹೇಳಲಾರ. ಐದಾದರೆ ಅದೇ ರೊಟ್ಟಿ ಭಾರ. ಶೇಂಗಾ ಪುಷ್ಟಿಕರವೇ ಸರಿ. ಆದರೆ ನೂರು ಗ್ರಾಂಗೆ 500 ಕ್ಯಾಲರಿ ಮೀರುತ್ತದೆಂಬುದನ್ನು ಚಟ್ನಿಯ ರುಚಿ ಮರೆಸುತ್ತದೆ.

ಗೃಹಸ್ಥರು ಐದು ರೊಟ್ಟಿ, ಮೂರು ಹೋಳಿಗೆ ತಿಂದೆದ್ದರು. ಆಮೇಲೆ ಜಗುಲಿಯಲ್ಲಿ ಮೋರೆ ಸಣ್ಣದು ಮಾಡಿಕೊಂಡು ಕುಳಿತಾಗ, ಹೆಂಡತಿ ತನ್ನ ದೊಡ್ಡಪ್ಪನೆದುರು ಎಲ್ಲವನ್ನೂ ಹೇಳಿಬಿಟ್ಟಳು: ಚೀಟಿಯನ್ನು, ಹೋದ ವರ್ಷದ ವ್ರತವನ್ನು, ರಾತ್ರಿ ಎದ್ದು ಕುಳಿತು ಮಗಳ ಮದುವೆಯವರೆಗೆ ತಾನಿರುವೆನೋ ಇಲ್ಲವೋ ಎಂದು ಗಂಡ ಕೇಳಿದ್ದನ್ನು. ಗೃಹಸ್ಥರು ತಲೆ ಎತ್ತಲಿಲ್ಲ. ಎಪ್ಪತ್ತು ದಾಟಿದರೂ ಕೈಮಗ್ಗವನ್ನು ಬಿಡದ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನ ಮಗ್ಗವನ್ನು ತೋರಿಸಿದ.

“ದಿನಾ ಎಳಿ ಹರೀತಾವು. ಹರದಲ್ಲಿ ಗಂಟ ಹಾಕಿ ಮುಂದ ನೇಯೂದು. ಒಂದ ಎಳಿ ಹರೀತಂತ ಸೀರಿನ ಕೊಯ್ದ ಒಗದ್ರ ಮನಿ ನಡೀತೈತೇನ್ರಿ?”

ಮಾತು ಅಷ್ಟೆ. ಆದರೆ ಹೋದ ದೀಪಾವಳಿಯ ಒಂದು ಹೋಳಿಗೆಗಾಗಿ ತಾವು ಇಡೀ ಸೀರೆಯನ್ನೇ ಕೊಯ್ದೊಗೆದದ್ದು ಗೃಹಸ್ಥರಿಗೆ ಆ ಜಗುಲಿಯಲ್ಲಿ ಹೊಳೆಯಿತು.

ಮರುದಿನ ನಸುಕಿನಲ್ಲಿ ಅವರು ಒಬ್ಬರೇ ಎದ್ದು ಬನಹಟ್ಟಿಯಿಂದ ರಬಕವಿಯ ಕಡೆಗೆ ನಡೆದರು. ಎರಡನೆಯ ದಿನ ಮಗಳು ಜೊತೆಯಾದಳು. ಮೂರನೆಯ ದಿನ ಹೆಂಡತಿಯೂ. ಊಟಕ್ಕೆ ಕೂಡುವ ಮೊದಲೇ ಅತ್ತೆಗೆ, “ಎರಡೇ ರೊಟ್ಟಿ, ಪಲ್ಯ ಎಷ್ಟು ಬೇಕಾದರೂ ಹಾಕಿ” ಎಂದು ಹೇಳಿಕೊಳ್ಳುವ ಧೈರ್ಯ ಬಂದಿತ್ತು. ಅತ್ತೆ ಮೊದಲ ದಿನ ಮುನಿದರು. ಎರಡನೆಯ ದಿನ ಸೌತೆಕಾಯಿ, ಮೂಲಂಗಿ, ಮೆಂತ್ಯದ ಸೊಪ್ಪುಗಳನ್ನು ಹಸಿಯಾಗಿಯೇ ತಾಟಿನ ತುಂಬ ಹರಡಿ ತಮ್ಮ ಉಪಚಾರದ ಹಟವನ್ನು ಗೆದ್ದರು.

ಮರಳುವ ರೈಲಿನಲ್ಲಿ ಗಂಡಹೆಂಡಿರು ಚೀಟಿಯ ಹಿಂಬದಿಯ ಮೇಲೆ ಲೆಕ್ಕ ಹಾಕಿದರು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಸುರಕ್ಷಿತವೆನ್ನುವುದು ಅಷ್ಟನ್ನೇ. ದಿನದ ಆಹಾರ 1000 ಕ್ಯಾಲರಿಗಿಂತ ಕೆಳಗಿಳಿಯಬಾರದೆಂದೂ ಅದು ಎಚ್ಚರಿಸುತ್ತದೆ. ತೂಕದ ನೂರಕ್ಕೆ ಐದು ಪಾಲು, ಎಂದರೆ 86ರಲ್ಲಿ ನಾಲ್ಕು ಕಿಲೋ ಚಿಲ್ಲರೆ ಇಳಿದರೂ ರಕ್ತದ ಒತ್ತಡವೂ ಸಕ್ಕರೆಯೂ ಸುಧಾರಿಸತೊಡಗುತ್ತವೆ. ನಡಿಗೆಯ ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಬರುವ ಕೆಲಸ. ಅಂಗಸಾಧನೆಯ ಬಸ್ಕಿ, ದಂಡಗಳೇ ಸಾಕು. ಸಿಹಿಮೂತ್ರಕ್ಕೆ, ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಯಾವ ಪಥ್ಯವನ್ನೂ ಹಿಡಿಯಬಾರದು. ಬೆಳೆಯುವ ಮಕ್ಕಳಿಗೆ ಉಪವಾಸ ಸಲ್ಲದು. ಲೆಕ್ಕದ ಕೊನೆಗೆ ಹೆಂಡತಿ ಒಂದು ಸಾಲನ್ನು ಸೇರಿಸಿದಳು: ಹಬ್ಬದ ದಿನ ಹೋಳಿಗೆ ಉಂಟು, ಹಬ್ಬದ ಮರುದಿನ ನಡಿಗೆಯೂ ಉಂಟು.

ಈ ಕಥೆಗೆ ಬೆರಗಿನ ಮುಕ್ತಾಯವಿಲ್ಲ. ಆರು ತಿಂಗಳಲ್ಲಿ ಗೃಹಸ್ಥರ ತೂಕ 79ಕ್ಕೆ ಬಂದಿತು. ಒಂದು ಮದುವೆಯ ಕಾಲದಲ್ಲಿ ಮತ್ತೆ 81 ಆಯಿತು. ಅವರು ನಡೆಯುವುದನ್ನು ಬಿಡಲಿಲ್ಲ. ನಡುಪಟ್ಟಿಗೆ ಎರಡು ಹೊಸ ತೂತು ಬಿದ್ದಿವೆ. ಬನಹಟ್ಟಿಯಿಂದ ತಿಂಗಳಿಗೊಮ್ಮೆ ಕಟಕರೊಟ್ಟಿಯ ಗಂಟು ಬರುತ್ತದೆ. ಅದನ್ನು ತರಲು ಬಸ್ ನಿಲ್ದಾಣಕ್ಕೆ ತಂದೆ ಮಗಳು ನಡೆದೇ ಹೋಗುತ್ತಾರೆ.